ಗಿಡ್ಡಿ ಓಡಿಹೋದ ಮೇಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಆದರೆ ಒಂದು ಪುಸ್ತಕದ ಮೇಲೆ ಸಿಟ್ಟು ಬಂದು ಹನ್ನೆರಡು ದಿನ ನಾಲ್ಕು ಜನ ಹೆಂಗಸರಿಗೆ ಸುಳ್ಳು ಹೇಳಿದವಳು ನಾನೊಬ್ಬಳೇ ಇರಬೇಕು. ಸುಳ್ಳಿಗೆ ಆಮೇಲೆ ನಾಚಿಕೆಯಾಯಿತು, ನಿಜ. ಪುಸ್ತಕದ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಾವು ಐದು ಜನ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಮಡಚುವ ಮೇಜಿನವರು. ಒಗೆದು, ಒಣಗಿ, ಬಿಸಿ ರೋಲರಿನಡಿ ಹಾದು ಬಂದ ಬೆಡ್‌ಶೀಟು, ದಿಂಬಿನ ಕವರು, ರೋಗಿಗಳ ನಿಲುವಂಗಿ ಎಲ್ಲವೂ ಕೊನೆಗೆ ನಮ್ಮ ಮುಂದೆ ಬಂದು ಬೀಳುತ್ತವೆ. ಶೀಟು ಮಡಚಲು ಇಬ್ಬರು ಬೇಕು. ಎರಡು ತುದಿ ಹಿಡಿದು, ಝಾಡಿಸಿ, ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಉದ್ದಕ್ಕ ಮತ್ತು ಗೊಣಗಮ್ಮ ಒಂದು ಜೋಡಿ. ಒಬ್ಬಳು ತೆಂಗಿನ ಮರದಷ್ಟು ಎತ್ತರ, ಇನ್ನೊಬ್ಬಳ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ನಾನು ಮತ್ತು ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ಇನ್ನೊಂದು ಜೋಡಿ. ಹತ್ತು ಶೀಟಾದ ಮೇಲೆ ಎಣಿಸಿ ಕಟ್ಟು ಕಟ್ಟುವವಳು ನನ್ನ ದೊಡ್ಡಮ್ಮ, ನನ್ನ ಅಮ್ಮನ ಸ್ವಂತ ಅಕ್ಕ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳು ಅವಳೇ. ನಾನು ಕರೆಯುವುದನ್ನು ಕೇಳಿ ಕೇಳಿ ಇಡೀ ಲಾಂಡ್ರಿಗೆ ಅವಳು ದೊಡ್ಡಮ್ಮನಾಗಿದ್ದಾಳೆ.

ಮಧ್ಯಾಹ್ನ ಒಂದೂವರೆಯಿಂದ ಎರಡೂವರೆವರೆಗೆ ಬಾಯ್ಲರಿಗೆ ವಿರಾಮ. ಯಂತ್ರಗಳ ಸದ್ದು ಅಡಗುತ್ತದೆ, ಮಡಚುವುದು ಮಾತ್ರ ನಿಲ್ಲುವುದಿಲ್ಲ. ಆ ಒಂದು ಗಂಟೆ ಒಬ್ಬಳು ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಪುಸ್ತಕ ಓದಬೇಕು. ಉಳಿದವರು ಅವಳ ಪಾಲಿನ ಬಟ್ಟೆಯನ್ನೂ ಮಡಚಬೇಕು. ಇದು ನಾನು ಸೇರುವ ಮೊದಲಿನಿಂದಲೂ ನಡೆದು ಬಂದ ಪದ್ಧತಿ. ಹಿಂದೆ ಓದುತ್ತಿದ್ದವಳು ಕೆಲಸ ಬಿಟ್ಟು ಬೇರೆ ಊರಿಗೆ ಹೋದಾಗ, ಗಂಟಲು ದೊಡ್ಡದೆಂಬ ಒಂದೇ ಕಾರಣಕ್ಕೆ ಸ್ಟೂಲು ನನಗೆ ಬಂತು. ಸೂಪರ್‌ವೈಸರ್ ಕಂಡೂ ಕಾಣದ ಹಾಗಿರುತ್ತಾನೆ. ಸಂಜೆಗೆ ಕಟ್ಟುಗಳು ಸರಿಯಾಗಿ ಬಂದರೆ ಅವನಿಗೆ ಅಷ್ಟು ಸಾಕು.

ಪುಸ್ತಕ ತರುವುದು ಊರಿನ ಸಾರ್ವಜನಿಕ ಗ್ರಂಥಾಲಯದಿಂದ. ಅಲ್ಲಿ ವರ್ಷಕ್ಕೊಂದು ಓದಿನ ಸವಾಲು ಇಡುತ್ತಾರೆ. ಅಮೆರಿಕ ಇನ್ನೂ ಇಂಗ್ಲೆಂಡಿನ ರಾಜನ ವಸಾಹತಾಗಿದ್ದ ಕಾಲದಲ್ಲಿ ನಡೆಯುವ ಹತ್ತು ಕಾದಂಬರಿಗಳನ್ನು ಹತ್ತು ತಿಂಗಳಲ್ಲಿ ಓದಿ ಮುಗಿಸಬೇಕು ಎನ್ನುವುದು ಈ ಸಲದ್ದು. ಅದೇ ಯಾಕೆ ಎಂದರೆ, ಯಾರೋ ಪುಣ್ಯಾತ್ಮರು ಅಂಥ ಕಾದಂಬರಿಗಳ ಅನುವಾದವನ್ನೇ ಒಂದು ಬೀರು ತುಂಬ ದಾನ ಕೊಟ್ಟಿದ್ದರಂತೆ, ವರ್ಷಗಟ್ಟಲೆ ಒಬ್ಬರೂ ಅದನ್ನು ಮುಟ್ಟಿರಲಿಲ್ಲವಂತೆ. ಗುಂಪಾಗಿಯೂ ಓದಬಹುದು, ಓದು ಬರದವರು ಕೇಳಿಸಿಕೊಳ್ಳಲೂಬಹುದು. ಒಂದೊಂದು ಪುಸ್ತಕಕ್ಕೂ ಒಂದು ಫಾರಂ ತುಂಬಿ ಕೊಡಬೇಕು. ಹತ್ತನ್ನೂ ಮುಗಿಸಿದವರ ಹೆಸರನ್ನು ಓದುವ ಕೋಣೆಯ ಗೋಡೆಗೆ ಹಾಕಿದ ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ.

ಇದನ್ನು ಮೇಜಿನ ಹತ್ತಿರ ಹೇಳಿದಾಗ ಗೊಣಗಮ್ಮ ಮೂಗು ಮುರಿದಳು. "ನಮ್ಮ ಮನೆ ಗೋಳೇ ಹಾಸಿ ಹೊದೆಯೋ ಅಷ್ಟಿದೆ. ಮಧ್ಯ ಅಮೆರಿಕದೋರ ಗೋಳು ಬೇರೆ ಕೇಳ್ಬೇಕಾ?"

ದೊಡ್ಡಮ್ಮ ಕಟ್ಟುತ್ತಿದ್ದ ದಾರವನ್ನು ಹಾಗೇ ಹಿಡಿದು ನಿಂತಳು. "ಹಲಗೆ ಮೇಲೆ ಎಲ್ಲರ ಹೆಸರೂ ಬರೀತಾರಾ? ಕೇಳಿಸ್ಕೊಂಡೋರದ್ದೂ?"

"ಹೂಂ. ಎಲ್ಲರದ್ದೂ."

"ಪೂರ್ತಿ ಹೆಸರು?"

"ಪೂರ್ತಿ ಹೆಸರು."

"ಹಂಗಾದ್ರೆ ನಾಳೆನೇ ತಗೊಂಡ್ಬಾ" ಎಂದಳು.

ಅವಳಿಗೆ ಅಕ್ಷರ ಬರುವುದಿಲ್ಲ. ಹಾಜರಿಗೆ ಹೆಬ್ಬೆಟ್ಟು ಒತ್ತುತ್ತಾಳೆ. ಸಮವಸ್ತ್ರದ ಮೇಲೆ ಇರುವುದು ಒಂದು ನಂಬರು. ಮೂವತ್ತೊಂದು ವರ್ಷ ಅವಳು ಕಟ್ಟಿದ ಒಂದೊಂದು ಶೀಟಿನ ಮೂಲೆಯಲ್ಲೂ ಆಸ್ಪತ್ರೆಯ ಹೆಸರಿನ ಮುದ್ರೆ ಇರುತ್ತದೆ, ಅದು ಹೊರಗೆ ಕಾಣುವ ಹಾಗೆ ಮಡಚಬೇಕೆನ್ನುವುದು ನಿಯಮ. ಅಷ್ಟು ವರ್ಷ ಬೇರೆಯವರ ಹೆಸರನ್ನು ಮೇಲೆ ತಂದು ಇಟ್ಟವಳಿಗೆ ತನ್ನ ಹೆಸರು ಒಂದು ಸಲವಾದರೂ ಎಲ್ಲಾದರೂ ಬರೆದಿರಲಿ ಅನ್ನಿಸಿದರೆ ತಪ್ಪೇನು? ವರ್ಷದ ಕೊನೆಗೆ ಅವಳು ನಿವೃತ್ತಿಯಾಗುವವಳು. ಇನ್ನೊಂದು ಸವಾಲು ಬರುವ ಹೊತ್ತಿಗೆ ಅವಳು ಈ ಮೇಜಿನಲ್ಲಿ ಇರುವುದಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತಿತ್ತು.

ಒಂಬತ್ತು ಪುಸ್ತಕ ಹೇಗೋ ಮುಗಿದವು. ಒಂದರಲ್ಲಿ ಇನ್ನೂರು ಪುಟ ಹಿಮ. ಒಂದರಲ್ಲಿ ಒಬ್ಬ ಪಾದ್ರಿ ತಾನು ಮಾಡಿದ ಪಾಪವನ್ನು ನೆನೆದು ನೆನೆದು ಸೊರಗಿದ, ಏನು ಪಾಪ ಎಂದು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಒಂದರಲ್ಲಿ ರಾಜ್ಯಪಾಲನ ಮನೆಯ ಔತಣಕ್ಕೆ ನಲವತ್ತು ಜನ ಬಂದರು. ಉದ್ದಕ್ಕ ಮಡಚುತ್ತಿದ್ದ ಶೀಟನ್ನು ಎದೆಗೆ ಹಿಡಿದುಕೊಂಡು ಕೇಳಿದಳು, "ಅಲ್ಲ, ನಲವತ್ತು ಜನ ಉಂಡ್ರು ಅಂತಾರಲ್ಲ, ಮಾರನೇ ದಿನ ಆ ಮೇಜಿನ ಬಟ್ಟೆ ಒಗೆದೋರು ಯಾರು?" ಅಲ್ಲಿಂದ ಮುಂದೆ ಅದೇ ನಮ್ಮ ಆಟವಾಯಿತು. ಯಾರ ಕಾಲರಾದರೂ ಹಾಲಿನಂತೆ ಬೆಳ್ಳಗಿದೆ ಎಂದು ನಾನು ಓದಿದರೆ ಸಾಕು, ನಾಲ್ಕೂ ಜನ ಒಟ್ಟಿಗೆ "ಯಾರಮ್ಮಾ ಒಗೆದೋರು?" ಎಂದು ಕೇಳುವರು. ಒಂಬತ್ತು ಪುಸ್ತಕಗಳಲ್ಲಿ ಒಬ್ಬರೂ ಉತ್ತರ ಹೇಳಲಿಲ್ಲ. ಫಾರಂಗಳನ್ನು ನಾನು ತುಂಬಿ ಕೊಟ್ಟೆ, ಎಲ್ಲ ಪಾಸಾದವು.

ಹತ್ತನೆಯದು ಮುನ್ನೂರು ಪುಟಕ್ಕೂ ದಪ್ಪ. ಸಮುದ್ರದಂಡೆಯ ಒಂದು ಊರು, ಅಲ್ಲೊಬ್ಬ ವ್ಯಾಪಾರಿ, ಅವನಿಗೊಬ್ಬಳು ಮಗಳು. ಮಗಳನ್ನು ಒಂದು ಕಡೆ ಸೈನ್ಯದ ಅಧಿಕಾರಿ ಬಯಸುತ್ತಾನೆ, ಇನ್ನೊಂದು ಕಡೆ ರಾಜನ ವಿರುದ್ಧ ಗುಟ್ಟಾಗಿ ಕರಪತ್ರ ಅಚ್ಚು ಹಾಕುವ ತರುಣ. ಯಾರನ್ನು ಮದುವೆಯಾಗಲಿ ಎಂದು ಅವಳು ಪುಸ್ತಕದುದ್ದಕ್ಕೂ ಯೋಚಿಸುತ್ತಾಳೆ. ನಮಗೆ ಅವಳ ಚಿಂತೆ ಹತ್ತಲೇ ಇಲ್ಲ, ಯಾಕೆಂದರೆ ಇಪ್ಪತ್ತನೇ ಪುಟದಲ್ಲಿ ಹಡಗಿನಿಂದ ಇನ್ನೊಬ್ಬಳು ಇಳಿದಳು.

ಹಡಗಿನಲ್ಲಿ ಕರೆತಂದದ್ದಕ್ಕೆ ಬದಲಾಗಿ ಏಳು ವರ್ಷ ಬಿಟ್ಟಿ ದುಡಿಯುತ್ತೇನೆ ಎಂದು ಬರೆದುಕೊಟ್ಟು ಬಂದ ಹದಿನಾರರ ಹುಡುಗಿ. ಆ ಕಾಲದಲ್ಲಿ ಅಂಥವರು ಸಾವಿರಾರು ಜನ ಇದ್ದರಂತೆ. ಪುಸ್ತಕದಲ್ಲಿ ಅವಳಿಗೆ ನಾಲಿಗೆ ಹೊರಳದ ಒಂದು ಹೆಸರಿತ್ತು. ಕುಳ್ಳಗಿದ್ದಾಳೆ ಎಂದು ಬರೆದಿದ್ದರಿಂದ ನಮ್ಮ ಮೇಜಿನಲ್ಲಿ ಅವಳು ಗಿಡ್ಡಿಯಾದಳು. ಅವಳ ಕೆಲಸ ಬಟ್ಟೆ ಒಗೆಯುವುದು. ಬೂದಿಯನ್ನು ನೀರಲ್ಲಿ ನೆನೆಹಾಕಿ, ಬಸಿದು, ಆ ನೀರಲ್ಲಿ ಬಟ್ಟೆ ಕುದಿಸುತ್ತಾಳೆ. ಬೆರಳ ಸಂದಿಯ ಚರ್ಮ ಸುಲಿದು, ಉಪ್ಪು ತಾಗಿದರೆ ಊಟ ಮಾಡಲಾಗುವುದಿಲ್ಲ ಎಂದು ಓದಿದಾಗ ಮಡಚುವ ಸದ್ದು ನಿಂತುಹೋಯಿತು. ತಲೆಯೆತ್ತಿ ನೋಡಿದರೆ ದೊಡ್ಡಮ್ಮ ತನ್ನ ಕೈ ನೋಡಿಕೊಳ್ಳುತ್ತಿದ್ದಳು.

"ಇದನ್ನ ಬರೆದೋರ್ಗೆ ಒಗೆಯೋದು ಅಂದ್ರೇನು ಅಂತ ಗೊತ್ತು" ಎಂದಳು. "ಮುಂದೆ ಓದು."

ಗಿಡ್ಡಿ ಒಂದು ಸಲ ಓಡಿಹೋಗಿ ಆರು ದಿನಕ್ಕೆ ಸಿಕ್ಕಿಬಿದ್ದಳು. ಯಜಮಾನ ನ್ಯಾಯಾಲಯಕ್ಕೆ ಹೋಗಿ, ಒಂದು ದಿನಕ್ಕೆ ಹತ್ತರಂತೆ ಅರವತ್ತು ದಿನ ಅವಳ ದುಡಿಮೆಗೆ ಸೇರಿಸುವಂತೆ ಮಾಡಿದ. ಆವತ್ತು ಗೊಣಗಮ್ಮ ಬೈದ ಬೈಗುಳವನ್ನು ಬರೆಯುವಂತಿಲ್ಲ. ನೂರ ನಲವತ್ತನೇ ಪುಟದಲ್ಲಿ, ಒಂದು ಮುಂಜಾನೆ, ಒದ್ದೆ ಬಟ್ಟೆಯ ಬುಟ್ಟಿಯನ್ನು ಅಂಗಳದಲ್ಲೇ ಬಿಟ್ಟು ಗಿಡ್ಡಿ ಮತ್ತೆ ಓಡಿದಳು. ಯಜಮಾನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: ಕುಳ್ಳು, ಎಡ ಹುಬ್ಬಿನ ಮೇಲೆ ಕಲೆ, ನೀಲಿ ಲಂಗ, ಹಿಡಿದು ತಂದವರಿಗೆ ಬಹುಮಾನ. ಅಷ್ಟು ಹೊತ್ತಿಗೆ ಎರಡೂವರೆಯಾಗಿ ಬಾಯ್ಲರ್ ಶುರುವಾಯಿತು. ಮಧ್ಯಾಹ್ನವೆಲ್ಲ ಆ ಸದ್ದಿನಲ್ಲೇ ನಾವು ಗಿಡ್ಡಿ ಎಷ್ಟು ದೂರ ಹೋಗಿರಬಹುದು ಎಂದು ಕೂಗಿ ಕೂಗಿ ಮಾತಾಡಿದೆವು.

ತಡೆಯಲಾರದೆ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ನಾನು ಮುಂದಕ್ಕೆ ಓದಿದೆ. ನೂರ ನಲವತ್ತೊಂದರಲ್ಲಿ ಮಗಳ ಮದುವೆಯ ಮಾತು. ನೂರೈವತ್ತರಲ್ಲಿ ಅದೇ. ನನ್ನ ನಿಲ್ದಾಣ ದಾಟಿಹೋಯಿತು, ನಡೆದು ಹಿಂದಿರುಗಿದೆ. ಮನೆಗೆ ಬಂದು ಒಲೆಯ ಮುಂದೆ ನಿಂತು ಓದಿದೆ. ಕೊನೆಯ ಪುಟದವರೆಗೂ ಗಿಡ್ಡಿ ಮತ್ತೆ ಬರಲೇ ಇಲ್ಲ. ಸಿಕ್ಕಿದಳೋ, ಸತ್ತಳೋ, ಬದುಕಿದಳೋ, ಒಂದು ಮಾತಿಲ್ಲ. ಇನ್ನೂರ ಹತ್ತನೇ ಪುಟದಲ್ಲಿ ಮಗಳು ಕನ್ನಡಿಯ ಮುಂದೆ ನಿಂತು, ಈಚೆಗೆ ಬಟ್ಟೆ ಮೊದಲಿನಷ್ಟು ಬೆಳ್ಳಗಾಗುತ್ತಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾಳೆ. ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ಬೂದಿನೀರಿನ ಹದ ಗೊತ್ತಿದ್ದವರಿಗೆ, ಬೆರಳ ಸಂದಿಯ ಉರಿ ಗೊತ್ತಿದ್ದವರಿಗೆ, ಅವಳು ಎಲ್ಲಿಗೆ ಹೋದಳೆಂದು ಹೇಳುವಷ್ಟು ವ್ಯವಧಾನ ಇರಲಿಲ್ಲವೇ?

ಮಾರನೇ ದಿನ ಸ್ಟೂಲಿನ ಮೇಲೆ ಕೂತು ಮದುವೆಯ ಮಾತನ್ನು ನಾಲ್ಕು ಸಾಲು ಓದಿದೆ. ದೊಡ್ಡಮ್ಮ ತಡೆದಳು. "ಅದು ಹಾಗಿರ್ಲಿ. ಗಿಡ್ಡಿ ಎಲ್ಲಿ?"

ಗಿಡ್ಡಿ ಇಲ್ಲ ಎನ್ನಬೇಕಿತ್ತು. ನಾಲಿಗೆ ಬೇರೆಯೇ ಕಡೆಗೆ ಹೊರಳಿತು. ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ, "ಗಿಡ್ಡಿ ಮೂರು ದಿನ ಜೌಗಿನ ಹುಲ್ಲಿನಲ್ಲಿ ಅಡಗಿದ್ದಳು" ಎಂದು ಶುರು ಮಾಡಿದೆ.

ಹನ್ನೆರಡು ದಿನ. ಗಿಡ್ಡಿ ದೋಣಿಯ ಹಗ್ಗ ಹಿಡಿದು ಕತ್ತಿನವರೆಗಿನ ನೀರಿನಲ್ಲಿ ನದಿ ದಾಟಿದಳು. ಹುಬ್ಬಿನ ಕಲೆಗೆ ಮಸಿ ಬಳಿದುಕೊಂಡಳು. ನೀಲಿ ಲಂಗವನ್ನು ತಿರುವಿ ಹಾಕಿ ಉಟ್ಟಳು. ಆಚೆ ದಡದ ಊರಿನಲ್ಲಿ ಒಬ್ಬ ಮುದುಕಿ ಅಗಸಗಿತ್ತಿ ಯಾರು ಏನು ಎಂದು ಕೇಳದೆ ಅವಳ ಕೈ ಹಿಡಿದು ನೋಡಿ ಕೆಲಸಕ್ಕೆ ಇಟ್ಟುಕೊಂಡಳು. ಹುಡುಕಿಕೊಂಡು ಬಂದ ಯಜಮಾನನ ಆಳನ್ನು ಇಬ್ಬರೂ ಸೇರಿ ಕುದಿಯುವ ಹಂಡೆ ತೋರಿಸಿ ಹಿಂದಕ್ಕೆ ಅಟ್ಟಿದರು. ಅಲ್ಲಿಂದ ಮುಂದೆ ನನಗೆ ಗೊತ್ತಿದ್ದದ್ದು ನಮ್ಮ ಲಾಂಡ್ರಿಯೊಂದೇ ಆದ್ದರಿಂದ ಗಿಡ್ಡಿಯೂ ಒಂದು ಲಾಂಡ್ರಿ ತೆರೆದಳು. ನಡುವೆ ಮಡಚುವ ಮೇಜು, ಮೇಜಿನ ಸುತ್ತ ನಾಲ್ಕು ಹೆಂಗಸರು, ಮೂಲೆಯಲ್ಲಿ ಒಂದು ಬಿಸಿ ರೋಲರ್. ಕೊನೆಗೊಂದು ದಿನ ಯಜಮಾನನ ಮಗಳು ಕೊಳೆ ಬಟ್ಟೆಯ ಗಂಟು ಹಿಡಿದು ಅಲ್ಲಿಗೆ ಬಂದಳು. ಇವಳ ಗುರುತು ಅವಳಿಗೆ ಹತ್ತಲಿಲ್ಲ. ಗಿಡ್ಡಿ ಗಂಟು ಬಿಚ್ಚಿ ನೋಡಿ, "ಗುರುವಾರ ಬನ್ನಿ" ಎಂದಳು.

ನಾನು ಪುಸ್ತಕ ಮುಚ್ಚಿದೆ. ಉದ್ದಕ್ಕ ಕಣ್ಣೊರೆಸಿಕೊಂಡಳು. ಗೊಣಗಮ್ಮ ಗೊಣಗಲಿಲ್ಲ.

ಎಂದಿನ ಹಾಗೆ ಫಾರಂ ತುಂಬಿ, ಮದುವೆ ಯಾರ ಜೊತೆ, ಯುದ್ಧ ಯಾವಾಗ ಎಂದೆಲ್ಲ ನಾನೇ ಬರೆದು ಕೊಟ್ಟರಾಯಿತು ಎಂದುಕೊಂಡಿದ್ದೆ. ಗ್ರಂಥಾಲಯದ ಮೇಡಂ ನನ್ನ ಕೈಗೆ ಫಾರಂ ಕೊಡಲಿಲ್ಲ. "ಗುಂಪಿನೋರಿಗೆ ಕೊನೇ ಪುಸ್ತಕದ್ದು ಬಾಯಿಪರೀಕ್ಷೆ. ನಾನೇ ಬರ್ತೀನಿ ನಿಮ್ಮ ಲಾಂಡ್ರಿಗೆ. ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳ್ಬೇಕು" ಎಂದರು.

ಮೂರು ದಿನ ಸಮಯವಿತ್ತು. ನಿಜ ಹೇಳಿ, ಉಳಿದ ನೂರ ಅರವತ್ತು ಪುಟದ ಕಥೆಯನ್ನು ಚುಟುಕಾಗಿ ಹೇಳಿಬಿಡಬಹುದಿತ್ತು. ಪ್ರತಿದಿನ ಬಾಯಿ ತೆರೆದೆ, ಪ್ರತಿದಿನ ಮುಚ್ಚಿಕೊಂಡೆ. ನದಿ ದಾಟಿದವಳನ್ನು ಹಿಂದಕ್ಕೆ ಎಳೆದು ತರುವುದು ಹೇಗೆ? ಪರೀಕ್ಷೆಯ ಬೆಳಿಗ್ಗೆ ಹೇಳಲೇಬೇಕೆಂದು ಗಟ್ಟಿ ಮಾಡಿಕೊಂಡು ಬಂದರೆ, ದೊಡ್ಡಮ್ಮ ಸಮವಸ್ತ್ರಕ್ಕೆ ಎರಡೆರಡು ಸಲ ಇಸ್ತ್ರಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ನನ್ನ ತಮ್ಮನ ಮನೆಯೋರ್ಗೆಲ್ಲ ಹೇಳಿಬಿಟ್ಟಿದೀನಿ ಕಣೆ, ಹಲಗೆ ನೋಡೋಕೆ ಬರ್ತಾರೆ" ಎಂದಳು. ನನ್ನ ಬಾಯಿಗೆ ಬೀಗ ಬಿತ್ತು.

ಒಂದೂವರೆಗೆ ಮೇಡಂ ಫೈಲು ಹಿಡಿದು ಬಂದರು. ತೆಳ್ಳಗಿನ, ಮೃದು ಮಾತಿನ ಹೆಂಗಸು. ಮೇಜಿನ ಒಂದು ತುದಿಯ ಬಟ್ಟೆಯನ್ನು ಸರಿಸಿ ಜಾಗ ಮಾಡಿಕೊಟ್ಟೆವು. ಬೇರೆ ಬೇರೆ ಕೇಳಲು ಇನ್ನೊಂದು ಕೋಣೆ ಇರಲಿಲ್ಲ, ಹಾಗಾಗಿ ಎಲ್ಲರ ಮುಂದೆಯೇ ಕೇಳಿದರು.

ಮೊದಲು ಓರಗಿತ್ತಿಯನ್ನು. "ಮಗಳು ಕೊನೆಗೆ ಯಾರನ್ನ ಮದುವೆ ಆಗ್ತಾಳೆ?"

ಓರಗಿತ್ತಿ ನನ್ನ ಮುಖ ನೋಡಿದಳು. "ಅದು... ಅವಳು ಬಟ್ಟೆ ಗಂಟು ತಗೊಂಡು ಬರೋವಾಗ ಗಂಡ ಜೊತೇಲಿ ಇರ್ಲಿಲ್ಲ."

"ಯಾವ ಗಂಟು?"

"ಲಾಂಡ್ರಿಗೆ ತರ್ತಾಳಲ್ಲ ಮೇಡಂ" ಎಂದು ಉದ್ದಕ್ಕ ನಡುವೆ ಬಾಯಿ ಹಾಕಿದಳು. "ಗಿಡ್ಡಿ ಲಾಂಡ್ರಿಗೆ. ರೋಲರ್ ತಂದ್ಮೇಲೆ."

ಮೇಡಂ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ರೋಲರ್? ಆ ಕಾಲದಲ್ಲಾ?"

ಆಗ ದೊಡ್ಡಮ್ಮ, ಇವರಿಗೆ ಅರ್ಥವಾಗುತ್ತಿಲ್ಲ ಪಾಪ ಎನ್ನುವ ಹಾಗೆ, ಜೌಗಿನಿಂದ ಹಿಡಿದು ಗುರುವಾರದವರೆಗೆ ಎಲ್ಲವನ್ನೂ ಸಾವಧಾನವಾಗಿ ಹೇಳಿದಳು. ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದಳು. ಮೇಡಂ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ, "ಅಮ್ಮಾ, ಇದ್ಯಾವುದೂ ಈ ಪುಸ್ತಕದಲ್ಲಿ ಇಲ್ಲ. ನೀವು ಇದನ್ನ ಓದೇ ಇಲ್ಲ ಅನ್ಸುತ್ತೆ" ಎಂದರು.

ದೊಡ್ಡಮ್ಮನ ಮುಖ ನೋಡಲಾಗದೆ ನಾನು ಸ್ಟೂಲಿನಿಂದ ಎದ್ದೆ. "ಅವರದ್ದು ತಪ್ಪಿಲ್ಲ. ನಾನು ಕಟ್ಟಿ ಹೇಳಿದ್ದು. ಗಿಡ್ಡಿ ಓಡಿಹೋದ್ಮೇಲೆ ಪುಸ್ತಕದಲ್ಲಿ ಅವಳ ಸುದ್ದಿನೇ ಇಲ್ಲ. ನಂಗೆ ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ."

ಮೊದಲು ಸಿಡಿದವಳು ಓರಗಿತ್ತಿ. "ಅಂದ್ರೆ ಹನ್ನೆರಡು ದಿನ ನಮಗೆ ಚಳ್ಳೆಹಣ್ಣು ತಿನ್ನಿಸಿದ್ಯಾ ಅಕ್ಕಾ? ನಿನ್ನ ಪಾಲಿನ ಶೀಟನ್ನೂ ನಾವೇ ಮಡಚಿದ್ವಲ್ಲ, ಇದಕ್ಕಾ?"

"ಮಂಗ ಮಾಡಿದ್ಳು" ಎಂದಳು ಗೊಣಗಮ್ಮ. "ನಾನು ಆ ನದಿ ಹತ್ರ ಅತ್ತುಬಿಟ್ಟಿದ್ದೆ."

ಅವರು ಬೈದದ್ದೆಲ್ಲ ನ್ಯಾಯವಾಗಿಯೇ ಇತ್ತು. ನಾನು ತಲೆ ತಗ್ಗಿಸಿ ನಿಂತೆ. ನಾನು ತಲೆ ತಗ್ಗಿಸುವುದು ಅಪರೂಪ, ಆದ್ದರಿಂದ ಅವರಿಗೂ ಕಸಿವಿಸಿಯಾಗಿರಬೇಕು.

"ನಂಗೆ ಗೊತ್ತಿತ್ತು" ಎಂದಳು ದೊಡ್ಡಮ್ಮ.

ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ಕೈಗೆ ಸಿಕ್ಕಿದ ಶೀಟಿನ ಮಡಿಕೆ ಸರಿ ಮಾಡುತ್ತ ಹೇಳಿದಳು. "ನಂಗೆ ಓದೋಕೆ ಬರಲ್ಲ, ಎಣಿಸೋಕೆ ಬರುತ್ತೆ. ನಾನು ಒಂದು ಕಟ್ಟು ಕಟ್ಟೋ ಅಷ್ಟರಲ್ಲಿ ಇವಳು ಮೂರು ಹಾಳೆ ತಿರುಗಿಸ್ತಾಳೆ. ಒಂಬತ್ತು ಪುಸ್ತಕನೂ ಅಷ್ಟೇ. ಗಿಡ್ಡಿ ಓಡಿಹೋದ್ಮೇಲೆ ನಾಲ್ಕು ಕಟ್ಟು ಮುಗಿದ್ರೂ ಒಂದು ಹಾಳೆನೂ ತಿರುಗಿಸ್ಲಿಲ್ಲ."

"ಗೊತ್ತಿದ್ದೂ ಸುಮ್ನಿದ್ಯಾ?" ಎಂದೆ.

"ನಿಲ್ಲಿಸಿಬಿಟ್ರೆ ಅವಳು ಜೌಗಲ್ಲೇ ಉಳಿದುಬಿಡ್ತಿದ್ಳು. ದಾಟ್ಲಿ ಅಂತ ಸುಮ್ನಿದ್ದೆ. ಇವತ್ತು ಮೇಡಂ ಕೇಳಿದಾಗ್ಲೂ ನಂಗೆ ಗೊತ್ತಿದ್ದ ಕಥೆ ಅದೊಂದೇ."

ಮೇಡಂ ಒಳ್ಳೆಯವರೇ. ನನಗೆ ಅವರ ಮೇಲೆ ಸಿಟ್ಟಿಲ್ಲ. ಫೈಲು ಮುಚ್ಚಿ ಎದ್ದು ಹೋಗಬಹುದಿತ್ತು, ಹೋಗಲಿಲ್ಲ. "ನೋಡಿ, ಒಂಬತ್ತು ಪುಸ್ತಕ ಸರಿಯಾಗಿ ಮುಗಿಸಿದೀರಿ. ಇಷ್ಟು ದೂರ ಬಂದು ಹೆಸರು ತಪ್ಪಿಹೋಗೋದು ನಂಗೂ ಇಷ್ಟ ಇಲ್ಲ. ಉಳಿದ ಕಥೆ ನಾನೇ ಹೇಳ್ತೀನಿ, ಕೇಳಿಸ್ಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ ಕೇಳ್ತೀನಿ" ಎಂದರು. ಕಾಲು ಗಂಟೆ ಕೂತು ಮಗಳ ಕಥೆಯನ್ನು ಮುಗಿಸಿದರು. ಮಗಳು ಕರಪತ್ರದ ತರುಣನನ್ನೇ ಮದುವೆಯಾದಳು. ಯುದ್ಧ ಬಂತು. ಮನೆಗೆ ಬೆಂಕಿ ಬಿತ್ತು. ಮಗಳು ಬೂದಿಯ ನಡುವೆ ನಿಂತು ಹೊಸ ದೇಶದ ಕನಸು ಕಂಡಳು. ನಾಲ್ಕೂ ಜನ ಮಡಚುತ್ತಲೇ ಕೇಳಿದರು.

"ಈಗ ಪ್ರಶ್ನೆ" ಎಂದು ಮೇಡಂ ಪೆನ್ನು ತೆಗೆದರು. "ಈ ಕಾದಂಬರಿಯ ಮುಖ್ಯ ಪಾತ್ರ ಯಾರು? ಈಗ ತಾನೇ ಹೇಳಿದೀನಿ. ವ್ಯಾಪಾರಿಯ ಮಗಳು ಅಂದ್ರೆ ಸಾಕು."

ಓರಗಿತ್ತಿ ದಿಂಬಿನ ಕವರನ್ನು ಕೆಳಗಿಟ್ಟಳು. ಅವಳ ಮಗಳು ದಿನಾ ಸಂಜೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಕೂತು ಪರೀಕ್ಷೆಗೆ ಓದುತ್ತಾಳೆ, ಅಮ್ಮನ ಹೆಸರು ಗೋಡೆಯ ಮೇಲೆ ಬರುತ್ತದೆಂದು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದಾಳೆ. ಓರಗಿತ್ತಿ ಯಾರ ಮುಖವನ್ನೂ ನೋಡದೆ, "ವ್ಯಾಪಾರಿ ಮಗಳು" ಎಂದಳು. ಮೇಡಂ ಸರಿ ಗುರುತು ಹಾಕಿದರು.

"ಒಳ್ಳೇದಾಯ್ತು" ಎಂದಳು ದೊಡ್ಡಮ್ಮ. ಮನಸ್ಸಿನಿಂದಲೇ ಹೇಳಿದಳು.

ಉದ್ದಕ್ಕ ಸ್ವಲ್ಪ ಹೊತ್ತು ಮೇಲೆ ಕೆಳಗೆ ನೋಡಿ, "ಮಗಳೇ ಇರ್ಬೇಕು" ಎಂದಳು. ಅವಳಿಗೂ ಸರಿ ಗುರುತು ಬಿತ್ತು.

ಗೊಣಗಮ್ಮ ಲೆಕ್ಕಾಚಾರದ ಹೆಂಗಸು, ಅವಳು ಖಂಡಿತ ಮಗಳ ಕಡೆ ಎಂದುಕೊಂಡಿದ್ದೆ. "ಆ ಮಗಳು ಒಂದು ಕರವಸ್ತ್ರನಾದ್ರೂ ಒಗೆದಿದ್ಳಾ?" ಎಂದು ಮೇಡಂ ಅವರನ್ನೇ ಕೇಳಿದಳು. ಮೇಡಂ ಇಲ್ಲ ಎಂದರು. "ಹಂಗಾದ್ರೆ ಗಿಡ್ಡಿ ಅಂತ ಬರ್ಕೊಳ್ಳಿ" ಎಂದಳು. ಮೇಡಂ ನಿಟ್ಟುಸಿರು ಬಿಟ್ಟು ತಪ್ಪು ಗುರುತು ಹಾಕಿದರು.

"ನಿಮ್ಮನ್ನ ಕೇಳೋದು ಬೇಡ" ಎಂದರು ನನ್ನ ಕಡೆ ನೋಡಿ. "ನೀವಂತೂ ಪೂರ್ತಿ ಓದಿದೀರಿ."

"ಕೇಳಿ" ಎಂದೆ. ಸಿಟ್ಟು ಅದರ ಜಾಗಕ್ಕೆ ವಾಪಸು ಬಂದಿತ್ತು. "ಪೂರ್ತಿ ಓದಿರೋದ್ರಿಂದನೇ ಹೇಳ್ತಿದೀನಿ. ಬರೆದೋರು ಅವಳನ್ನ ಅರ್ಧದಲ್ಲಿ ಕೈಬಿಟ್ರು, ಅದು ಅವರ ತಪ್ಪು. ಗಿಡ್ಡಿ." ನನಗೂ ತಪ್ಪು ಗುರುತು ಬಿತ್ತು. ನನಗೇನೂ ಅನ್ನಿಸಲಿಲ್ಲ. ನನಗೆ ಮುಂದಿನ ವರ್ಷ ಇದೆ.

ಉಳಿದವಳು ದೊಡ್ಡಮ್ಮ. ಅವಳು ಹೇಳಿಬಿಡಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಗಿಡ್ಡಿಯ ಪರವಾಗಿ ನಾವಿಬ್ಬರು ನಿಂತಾಯಿತು, ಅಷ್ಟು ಸಾಕು. ಒಂದು ಮಾತು ಹೇಳಿದರೆ ಅವಳ ಹೆಸರು ಗೋಡೆಯ ಮೇಲಿರುತ್ತದೆ. ಮೇಡಂ ಕೂಡ ದನಿ ತಗ್ಗಿಸಿ, "ಅಮ್ಮಾ, ನಿಮಗೆ ಇದೇ ಕೊನೇ ವರ್ಷ ಅಂತ ಇವರು ಹೇಳಿದ್ರು. ವ್ಯಾಪಾರಿಯ ಮಗಳು ಅಂತ ಹೇಳಿಬಿಡಿ" ಎಂದರು.

ದೊಡ್ಡಮ್ಮ ದಾರದ ಉಂಡೆಯನ್ನು ಪಕ್ಕಕ್ಕಿಟ್ಟಳು. "ಆ ಹುಡುಗಿ ಎಷ್ಟು ಹಾಳೇಲಿ ಇದಾಳೆ ಮೇಡಂ?"

"ಐವತ್ತು ಅರವತ್ತು ಪುಟ ಇರಬಹುದು. ಅದೂ ಅಲ್ಲಲ್ಲಿ."

"ನಾಳೆ ಯಾರಾದ್ರೂ ಈ ಆಸ್ಪತ್ರೆ ಬಗ್ಗೆ ಪುಸ್ತಕ ಬರೆದ್ರೆ ನಾನು ಒಂದು ಹಾಳೇಲೂ ಇರಲ್ಲ. ಡಾಕ್ಟರು ಇರ್ತಾರೆ, ಅವರ ಮಗಳು ಇರ್ತಾಳೆ. ಅಂದ್ರೆ ಮೂವತ್ತೊಂದು ವರ್ಷ ಈ ಶೀಟುಗಳು ತಾವಾಗೇ ಮಡಚ್ಕೊಂಡ್ವಾ?"

ಮೇಡಂ ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು.

"ಹೆಸರು ಬೇಕಿತ್ತು ನಂಗೆ. ಇಲ್ಲ ಅಂತ ಸುಳ್ಳು ಹೇಳಲ್ಲ, ತುಂಬ ಆಸೆ ಇತ್ತು. ಆದ್ರೆ ಅವಳು ಯಾರೂ ಅಲ್ಲ ಅಂತ ನನ್ನ ಬಾಯಿಂದ ಹೇಳಿಸಿ ನನ್ನ ಹೆಸರು ಬರೆಯೋದಾದ್ರೆ ಅದು ಬೇಡ." ಅವಳು ಬೆರಳಿನಿಂದ ಹಾಳೆ ತೋರಿಸಿದಳು. "ಮುಖ್ಯ ಪಾತ್ರ ಗಿಡ್ಡಿ. ಬರ್ಕೊಳ್ಳಿ."

ಮೇಡಂ ಉತ್ತರ ಬರೆದು, ಪಕ್ಕದಲ್ಲಿ ಕೆಂಪು ಗುರುತು ಹಾಕಿದರು.

ದೊಡ್ಡಮ್ಮ ಬಗ್ಗಿ ಹಾಳೆ ನೋಡಿದಳು. "ಇದೇನು ಗುರುತು?"

"ತಪ್ಪು ಅಂತ."

"ಆಯ್ತು. ಈ ಹಾಳೆ ನಿಮ್ಮ ಹತ್ರನೇ ಇರುತ್ತಾ?"

"ಇರುತ್ತೆ. ಗ್ರಂಥಾಲಯದ ಫೈಲಲ್ಲಿ."

"ಹಂಗಾದ್ರೆ ಆ ಗುರುತಿನ ಪಕ್ಕ ನನ್ನ ಹೆಸರು ಬರೀರಿ. ಪೂರ್ತಿ ಹೆಸರು. ಈ ತಪ್ಪು ನಂದು ಅಂತ ಗೊತ್ತಾಗ್ಲಿ."

ಅವಳು ಹೆಸರು ಹೇಳಿದಳು, ತಂದೆಯ ಹೆಸರೂ ಸೇರಿಸಿ. ಮೇಡಂ ನಿಧಾನವಾಗಿ, ದುಂಡಾಗಿ ಬರೆದರು. ದೊಡ್ಡಮ್ಮ ಮೇಜಿನ ಮೇಲೆ ಎರಡೂ ಕೈಯೂರಿ ಕೊನೆಯ ಅಕ್ಷರದವರೆಗೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಸರಿಯಾಗಿ ಬರೆದಿದಾರಾ ನೋಡು" ಎಂದಳು.

ನೋಡಿದೆ. ಸರಿಯಾಗಿತ್ತು.